ಅವಕಾಶವೇ ಹಿಗ್ಗಿದರೆ ಬೆಳಕೂ ಹಿಗ್ಗಬೇಕಲ್ಲವೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕ, ಮುಧೋಳ)
ಗುರುತ್ವ ಅಲೆಗಳ (ಕಪ್ಪುಕುಳಿಗಳಂಥ ಭಾರಿ ಕಾಯಗಳು ಕೂಡಿದಾಗ ಏಳುವ ಅಲೆಗಳ) ಬಗ್ಗೆ ತರಗತಿಯಲ್ಲಿ ಹೇಳುವಾಗ ಒಬ್ಬ ವಿದ್ಯಾರ್ಥಿನಿ ಎರಡು ಸಂದೇಹಗಳನ್ನು ಎತ್ತಿದಳು. ಅಲೆ ಹಾದುಹೋಗುವಾಗ, ಅದನ್ನು ಪತ್ತೆಹಚ್ಚುವ ಅಮೆರಿಕದ ಲೈಗೋ ಯಂತ್ರದ 4 ಕಿ.ಮೀ. ಉದ್ದದ ಎರಡು ತೋಳುಗಳು ಹಿಗ್ಗಿ ಕುಗ್ಗುತ್ತವೆ ಎನ್ನುತ್ತೇವೆ. ಅವಕಾಶವೇ (ಸ್ಪೇಸ್) ಹಿಗ್ಗಿದರೆ ಅದರೊಳಗಿನ ಲೇಸರ್ ಬೆಳಕಿನ ತರಂಗದೂರವೂ ಹಿಗ್ಗಬೇಕು. ಹಾಗಾದರೆ ಅಳೆಯುವುದು ಯಾವುದರಿಂದ? ಇನ್ನೊಂದು: ಲೋಕಾಪುರದ ಕಡೆ ಸುಣ್ಣದಕಲ್ಲಿನ ಗಣಿಯಲ್ಲಿ ಮದ್ದು ಸಿಡಿದರೆ, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಹಾದುಹೋದರೆ ಕಿಟಕಿಯ ಗಾಜು ಅದುರುತ್ತದೆ. ಅಷ್ಟು ಸೂಕ್ಷ್ಮವಾದ ಯಂತ್ರ ಇಂಥ ನಡುಕವನ್ನೇ ಕಪ್ಪುಕುಳಿಯೆಂದು ತಿಳಿಯುವುದಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಭೌತಶಾಸ್ತ್ರ ಉಪನ್ಯಾಸಕಿ, ಬೆಳಗಾವಿ)
ಸರ್, ಹುಡುಗಿಯ ಮೊದಲ ಸಂದೇಹದಲ್ಲಿ ಹುರುಳಿದೆ. ಪದವಿ ತರಗತಿಯಲ್ಲಿಯೂ ಇದನ್ನು ಕೇಳುವವರು ಕಡಿಮೆ. ಅಲೆ ಬಂದಾಗ ತೋಳಿನೊಳಗೆ ಇದ್ದ ಬೆಳಕು ಹಿಗ್ಗುವುದು ನಿಜ. ಆದರೆ ಆ ಬೆಳಕು ಅಲ್ಲಿಯೇ ನಿಲ್ಲುವುದಿಲ್ಲ. ತೋಳಿನ ತುದಿಯವರೆಗೆ ಹೋಗಿಬರಲು ಬೆಳಕಿಗೆ ಸೆಕೆಂಡಿನ 10 ಲಕ್ಷ ಪಾಲಿನಲ್ಲಿ ಸುಮಾರು 27 ಪಾಲು ಸಾಕು. 100 ಹರ್ಟ್ಸ್‌ನ ಗುರುತ್ವ ಅಲೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಅಂಥ ನೂರಾರು ಓಡಾಟಗಳಾಗುತ್ತವೆ. ಲೇಸರಿನಿಂದ ಹೊಸ ಬೆಳಕು ತನ್ನ ಎಂದಿನ ಲಯದಲ್ಲಿಯೇ ಬರುತ್ತಿರುತ್ತದೆ. ಹಿಗ್ಗಿದ ತೋಳಿನಿಂದ ಅದರ ಶಿಖರಗಳು ತಡವಾಗಿಯೂ ಕುಗ್ಗಿದ ತೋಳಿನಿಂದ ಬೇಗನೆಯೂ ಮರಳುತ್ತವೆ. ಎರಡೂ ಕೂಡುವಲ್ಲಿ ಪರಸ್ಪರ ಅಳಿಸಿಹೋಗಬೇಕಾಗಿದ್ದ ಬೆಳಕು ತುಸು ಉಳಿಯುತ್ತದೆ. ಪತ್ತೆಹಚ್ಚುವುದು ಆ ಉಳಿಕೆಯನ್ನು, ಅಂದರೆ ಮರಳಿದ ಹೊತ್ತಿನ ವ್ಯತ್ಯಾಸವನ್ನು.

ಉತ್ತರ 2 (ನಿವೃತ್ತ ಇಂಜಿನಿಯರ್, ವಿಜಯಪುರ)
ಎರಡನೆಯದಕ್ಕೆ ನಾನು ಬರೆಯುತ್ತೇನೆ. ತೋಳುಗಳಲ್ಲಿ ಬೆಳಕನ್ನು ಮರಳಿಸುವ, ತಲಾ 40 ಕಿಲೋ ತೂಕದ ಕನ್ನಡಿಗಳನ್ನು ಗಾಜಿನ ಎಳೆಗಳಲ್ಲಿ, ನಾಲ್ಕು ಹಂತದ ಲೋಲಕವಾಗಿ ತೂಗುಹಾಕಿರುವುದರಿಂದ ನೆಲದ ನಡುಕ ಬಹುಮಟ್ಟಿಗೆ ಮೇಲೆಯೇ ಸಾಯುತ್ತದೆ. ಆದರೂ ನಿಜವಾದ ಕಾವಲು ದೂರವೇ: ಲೈಗೋದ ಯಂತ್ರ ಒಂದಲ್ಲ, ಎರಡಿವೆ. ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಕೇಂದ್ರಗಳ ನಡುವೆ ಸುಮಾರು 3,000 ಕಿ.ಮೀ. ಅಂತರವಿದೆ. ಎರಡು ಕಪ್ಪುಕುಳಿಗಳು ಕೂಡಿದ್ದರಿಂದ ಬಂದ, ಮೊಟ್ಟಮೊದಲು ಪತ್ತೆಯಾದ 2015ರ ಸೆಪ್ಟೆಂಬರ್ 14ರ ಸಂಕೇತ ಮೊದಲು ಲಿವಿಂಗ್‌ಸ್ಟನ್‌ಗೆ, ಸುಮಾರು 7 ಮಿಲಿಸೆಕೆಂಡುಗಳ ಬಳಿಕ ಹ್ಯಾನ್‌ಫರ್ಡ್‌ಗೆ ತಲುಪಿತು. ಯಾವ ಗಣಿಯ ಸ್ಫೋಟವೂ ನೆಲದೊಳಗೆ ಆ ವೇಗದಲ್ಲಿ ಓಡಲಾರದು. ಸಂಕೇತದ ಆಕಾರವೂ ಸಾಕ್ಷಿ ನುಡಿಯಿತು: ಸೆಕೆಂಡಿನ ಐದನೆಯ ಒಂದು ಪಾಲಿನಲ್ಲಿ ಅದು 35 ಹರ್ಟ್ಸ್‌ನಿಂದ 250ಕ್ಕೆ ಏರಿ ಅಡಗಿತು. ಕೊನೆಯಲ್ಲಿ ಕಪ್ಪುಕುಳಿ ಹೀಗೆ ಕಂಪಿಸುತ್ತ ಅಡಗುವುದನ್ನು 1970ರಲ್ಲಿಯೇ ಲೆಕ್ಕಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ತರಗತಿಯಲ್ಲಿ ಈ ಹೆಸರನ್ನು ತಪ್ಪದೆ ಹೇಳಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ನಿಜವಾದ ಅಲೆ ಬಂದ ಹೊತ್ತಿಗೇ ಗದ್ದಲವೂ ಸೇರಿಕೊಂಡರೆ ಗತಿಯೇನು?

ಉತ್ತರ 3 (ಉಪನ್ಯಾಸಕಿ, ಬೆಳಗಾವಿ)
ಹಾಗೆಯೇ ಆಗಿದೆ, ಸರ್. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ಭಾರಿ ನಕ್ಷತ್ರಗಳ ಅತಿ ಸಾಂದ್ರ ತಿರುಳುಗಳು) ಕೂಡಿದ ಸಂಕೇತ ಸುಮಾರು 100 ಸೆಕೆಂಡು ಕೇಳಿಸಿತು. ವಿಲೀನಕ್ಕೆ ಒಂದು ಸೆಕೆಂಡಿನಷ್ಟು ಮೊದಲು ಲಿವಿಂಗ್‌ಸ್ಟನ್‌ನ ಯಂತ್ರದಲ್ಲಿ ಗದ್ದಲವೊಂದು ಸಿಡಿದುದರಿಂದ ಗಣಕದ ಮೊದಲ ಎಚ್ಚರಿಕೆ ಹ್ಯಾನ್‌ಫರ್ಡ್‌ನ ದತ್ತಾಂಶದಿಂದ ಮಾತ್ರ ಬಂತು. ಆ ತುಣುಕನ್ನು ತೆಗೆದು ನೋಡಿದಾಗ ಸಂಕೇತದ ಏರುಗೆರೆ ಸ್ಪಷ್ಟವಾಗಿತ್ತು. ವಿಲೀನದ 1.7 ಸೆಕೆಂಡು ಬಳಿಕ ಫರ್ಮಿ ಉಪಗ್ರಹ ಗಾಮಾ ಕಿರಣಗಳನ್ನು ಕಂಡಿತು. ಇಟಲಿಯಲ್ಲಿರುವ ಇಂಥದೇ ಯಂತ್ರ ವರ್ಗೋದಲ್ಲಿ ಸಂಕೇತ ತೀರಾ ಕ್ಷೀಣವಾಗಿತ್ತು, ಆದರೆ ಆ ಕ್ಷೀಣತೆಯೇ ನೆರವಾಯಿತು: ಮೂಲ ವರ್ಗೋದ ಕುರುಡು ದಿಕ್ಕಿನಲ್ಲಿದೆಯೆಂದು ತಿಳಿದು, ಹುಡುಕುವ ಜಾಗ ಕಿರಿದಾಗಿ, 11 ಗಂಟೆಗಳೊಳಗೆ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಅದರ ಬೆಳಕು ಸಿಕ್ಕಿತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಲೈಗೋ-ಇಂಡಿಯಾ ಕಟ್ಟಲು 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅಮೆರಿಕ, ಇಟಲಿಗಳೆರಡಕ್ಕೂ ದೂರವಿರುವ ಆ ಜಾಗದಿಂದ ದಿಕ್ಕನ್ನು ಇನ್ನಷ್ಟು ಬಿಗಿಯಾಗಿ ಹೇಳಬಹುದು.