2.4 ಓಮ್‌ನಿಂದ 1.2 ಓಮ್‌ಗೆ ಬಂದ ಮೇಲೆ ಸುಟ್ಟ ರುಚಿ, ವೋಲ್ಟ್ ಎಷ್ಟು ಇಡಬೇಕು?

ಹೊಸಹುರುಪು:

ಎಲ್ಲರಿಗೂ ನಮಸ್ಕಾರ. ಸಿಗರೇಟ್ ಬಿಟ್ಟು ವೇಪ್‌ಗೆ (ಲಿಕ್ವಿಡ್ ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟ್) ಬಂದು ಸ್ವಲ್ಪ ಕಾಲ ಆಯ್ತು. ಮೊದಲಿದ್ದ ಪೆನ್‌ನಲ್ಲಿ ಏನೂ ತಲೆನೋವಿರಲಿಲ್ಲ. ಬಟನ್ ಒತ್ತು, ಎಳಿ, ಅಷ್ಟೇ. ಈಗ ಇರುವುದರ ಬುಡದಲ್ಲಿ ತಿರುಗಿಸುವ ಡಯಲ್ ಇದೆ, 3.3 ವೋಲ್ಟ್‌ನಿಂದ 4.8ರವರೆಗೆ. ಜೊತೆಗೆ ಬಂದ ಕಾಯಿಲ್ (ಲಿಕ್ವಿಡ್ ಕಾಯಿಸುವ ತಂತಿ ಸುರುಳಿ) 2.4 ಓಮ್. ಅದಕ್ಕೆ 4.2 ಇಟ್ಟಿದ್ದೆ, ರುಚಿ ಸರಿಯಾಗಿತ್ತು, ಗಂಟಲಿಗೆ ಬೇಕಾದ ಆ ಹೊಡೆತವೂ ಸಿಗುತ್ತಿತ್ತು.

ಆ ಕಾಯಿಲ್ ಮುಗಿದ ಮೇಲೆ ಅದೇ ಟ್ಯಾಂಕ್‌ಗೆ ಕೂರುವ 1.2 ಓಮ್ ಕಾಯಿಲ್ ಹಾಕಿದೆ. ಡಯಲ್ ಮುಟ್ಟಲಿಲ್ಲ, 4.2ರಲ್ಲೇ ಇದೆ. ಮೊದಲ ಕೆಲವು ಎಳೆತ ಭರ್ಜರಿ, ಹೊಗೆ ಜಾಸ್ತಿ, ಬಿಸಿಯೂ ಜಾಸ್ತಿ. ಟ್ಯಾಂಕ್ ಅರ್ಧಕ್ಕೆ ಬರುವ ಹೊತ್ತಿಗೆ ಸುಟ್ಟ ಬಟ್ಟೆಯ ವಾಸನೆ ಶುರುವಾಯಿತು, ಈಗ ಬಾಯಿಗಿಡಲು ಆಗುವುದಿಲ್ಲ. ಯಾವ ಕಾಯಿಲ್ ಆದರೂ 4.0 ಇಡು, ಸಾಕು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಓಮ್ ಕಡಿಮೆ ಆದರೆ ವೋಲ್ಟ್ ಏರಿಸಬೇಕು ಅಂತ ಇನ್ನೊಬ್ಬ. ಯಾರ ಮಾತು ನಂಬಲಿ?

ಓಮ್‌ಶಾಂತಿ:

ಇಬ್ಬರ ಮಾತನ್ನೂ ನಂಬಬೇಡಿ. ಎರಡನೆಯ ಗೆಳೆಯ ಹೇಳಿದ್ದಂತೂ ಪೂರ್ತಿ ಉಲ್ಟಾ.

ಡಯಲ್ ಮೇಲಿನ ವೋಲ್ಟ್ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಾಯಿಲ್ ಎಷ್ಟು ಬಿಸಿಯಾಗುತ್ತೆ ಅನ್ನುವುದು ವ್ಯಾಟ್ ಮೇಲೆ ನಿಂತಿದೆ. ಲೆಕ್ಕ ಸುಲಭ: ವೋಲ್ಟ್ ಅನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಓಮ್‌ನಿಂದ ಭಾಗಿಸಿ. 4.2 ಗುಣಿಸು 4.2 ಅಂದರೆ 17.64. ಹಳೆಯ ಕಾಯಿಲ್‌ಗೆ ಅದನ್ನು 2.4ರಿಂದ ಭಾಗಿಸಿದರೆ 7.35 ವ್ಯಾಟ್. ಹೊಸದಕ್ಕೆ 1.2ರಿಂದ ಭಾಗಿಸಿದರೆ 14.7. ನೀವು ಡಯಲ್ ಮುಟ್ಟದೇ ಇದ್ದರೂ ಶಕ್ತಿ ಸರಿಯಾಗಿ ಎರಡರಷ್ಟಾಯಿತು. ಓಮ್ ಇಳಿದರೆ ಕರೆಂಟ್ ಹರಿಯಲು ದಾರಿ ಸಲೀಸು, ಹಾಗಾಗಿ ವೋಲ್ಟ್ ಇಳಿಸಬೇಕು, ಏರಿಸುವುದಲ್ಲ.

ಇಲ್ಲಿ ಇನ್ನೊಂದು ತೊಡಕಿದೆ, ಅದನ್ನು ಜನ ಗಮನಿಸುವುದಿಲ್ಲ. ಹಳೆಯ ಕಾಯಿಲ್‌ನಲ್ಲಿ ನಿಮಗೆ ಹಿಡಿಸಿದ್ದ ಆ 7.35 ವ್ಯಾಟ್ 1.2 ಓಮ್‌ನಲ್ಲಿ ಬೇಕು ಅಂದರೆ ಸುಮಾರು 3 ವೋಲ್ಟ್ ಇಡಬೇಕು. ನಿಮ್ಮ ಡಯಲ್ 3.3ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ! 3.3ರಲ್ಲಿ ಆಗಲೇ 9 ವ್ಯಾಟ್ ಆಗಿರುತ್ತೆ. ಅಂದರೆ ಈ ಕಾಯಿಲ್‌ಗೆ ನಿಮ್ಮ ಪೆನ್‌ನ ಕೆಳಗಿನ ತುದಿ ಮಾತ್ರ ಉಪಯೋಗಕ್ಕೆ ಬರುತ್ತೆ, 4ರ ಮೇಲಿನದು ಇದ್ದೂ ಇಲ್ಲದ ಹಾಗೆ. ನಾನಾದರೆ 1.8 ಓಮ್ ಹಾಕುತ್ತಿದ್ದೆ. 3.6ಕ್ಕೆ 7.2 ವ್ಯಾಟ್, 4.0ಕ್ಕೆ ಸುಮಾರು 9, 4.5ಕ್ಕೆ 11ರ ಸ್ವಲ್ಪ ಮೇಲೆ. ಡಯಲ್‌ನ ನಡುವೆ ಆಡಲು ಜಾಗ ಸಿಗುತ್ತೆ.

ಕರೆಂಟ್ ಕಡೆಗೂ ಒಂದು ಕಣ್ಣಿರಲಿ. 4.8 ವೋಲ್ಟ್ ಅನ್ನು 1.2 ಓಮ್‌ಗೆ ಕೊಟ್ಟರೆ 4 ಆಂಪ್. ಸಣ್ಣ ಪೆನ್‌ಗಳಲ್ಲಿ ಎಷ್ಟೋ ಅಷ್ಟು ಕೊಡುವುದಿಲ್ಲ, ಲೈಟ್ ಮಿನುಗಿಸಿ ನಿಂತುಬಿಡುತ್ತವೆ, ಇಲ್ಲವೇ ಸದ್ದಿಲ್ಲದೆ ವೋಲ್ಟ್ ಇಳಿಸುತ್ತವೆ. ಪೆನ್ ಜೊತೆ ಬಂದ ಕಾಗದದಲ್ಲಿ ಕನಿಷ್ಠ ಓಮ್ ಎಷ್ಟು ಅಂತ ಬರೆದಿರುತ್ತಾರೆ, ಅದಕ್ಕಿಂತ ಕೆಳಗಿನ ಕಾಯಿಲ್ ಹಾಕಲೇಬೇಡಿ.

ಹತ್ತಿಹುಳ:

ಲೆಕ್ಕ ಸರಿ, ಆದರೆ ಲೆಕ್ಕದಲ್ಲಿ ಲಿಕ್ವಿಡ್ ಹೀರಿ ತಂತಿಗೆ ಕೊಡುವ ಹತ್ತಿ ಎಲ್ಲಿದೆ? 14.7 ವ್ಯಾಟ್ ಅಂದರೆ ತಂತಾನೇ ಸುಡಬೇಕು ಅಂತೇನಿಲ್ಲ. ಅದೇ 15 ವ್ಯಾಟ್ ಅನ್ನು ಆರಾಮಾಗಿ ತಗೊಳ್ಳುವ 1.2 ಓಮ್ ಕಾಯಿಲ್‌ಗಳೂ ಇವೆ, 10ಕ್ಕೇ ಕೈ ಎತ್ತುವವೂ ಇವೆ. ತಂತಿ ದಪ್ಪ ಇದ್ದು ಉದ್ದ ಜಾಸ್ತಿ ಇದ್ದರೆ ಅದೇ ಶಾಖ ದೊಡ್ಡ ಮೈಮೇಲೆ ಹರಡುತ್ತೆ. ಸಣ್ಣ ತಂತಿಯಾದರೆ ಒಂದೇ ಕಡೆ ಕೆಂಡ. ಎರಡು ಸುರುಳಿ ಇರುವ ಕಾಯಿಲ್‌ನಲ್ಲಿ ಒಂದೊಂದು 2.4 ಓಮ್ ಇದ್ದು ಎರಡೂ ಸೇರಿ 1.2 ಅಂತ ತೋರಿಸಬಹುದು, ಆಗ 14.7 ವ್ಯಾಟ್ ಎರಡು ಪಾಲಾಗಿ ಒಂದೊಂದು ಸುರುಳಿಗೆ ಬರುವುದು ನಿಮ್ಮ ಹಳೆಯ 7.35 ಮಾತ್ರ. ಅದಕ್ಕೇ ಓಮ್ ನೋಡಿ ನಿರ್ಧಾರ ಮಾಡುವ ಮೊದಲು ಕಾಯಿಲ್‌ನ ಮೈಮೇಲೆ ಕೆತ್ತಿರುವ ವ್ಯಾಟ್ ಮಿತಿ ಓದಿ. ಕೆತ್ತಿಲ್ಲ ಅಂದರೆ ಪೊಟ್ಟಣದ ಮೇಲೆ ಇರುತ್ತೆ. ಆ ಮಿತಿಯ ಕೆಳಗಿನ ತುದಿಯಿಂದಲೇ ಶುರು ಮಾಡಿ.

ಸುಟ್ಟ ವಾಸನೆ ಬರುವುದು ಲಿಕ್ವಿಡ್‌ನಿಂದಲ್ಲ, ಒಣಗಿದ ಹತ್ತಿಯಿಂದ. ಲಿಕ್ವಿಡ್ ಇರುವ ತನಕ ಅದು ಆವಿಯಾಗುತ್ತಾ ಶಾಖವನ್ನು ಎಳೆದುಕೊಳ್ಳುತ್ತೆ. ಅದು ಬಂದು ಸೇರುವ ವೇಗಕ್ಕಿಂತ ನೀವು ಆವಿ ಮಾಡುವ ವೇಗ ಜಾಸ್ತಿ ಆಯಿತೋ, ನೀರಿಲ್ಲದ ಪಾತ್ರೆಯನ್ನು ಒಲೆ ಮೇಲೆ ಇಟ್ಟ ಹಾಗೆ.

ಸುಟ್ಟ ಕಾಯಿಲ್ ಬಿಚ್ಚಿ ಬೆಳಕಿಗೆ ಹಿಡಿದು ನಡುವಿನ ರಂಧ್ರದಿಂದ ನೋಡಿ. ಹತ್ತಿ ಕಂದು ಬಣ್ಣಕ್ಕೆ ತಿರುಗಿ ತಂತಿಗೆ ಜಿಗುಟು ಕಟ್ಟಿದ್ದರೆ ಅದು ಲಿಕ್ವಿಡ್‌ನ ಸಿಹಿ. ಸಿಹಿ ಹಾಕಿದ ಲಿಕ್ವಿಡ್‌ಗಳೆಲ್ಲ ಹೀಗೇ, ಸರಿಯಾದ ವೋಲ್ಟ್‌ನಲ್ಲೂ ಕಾಯಿಲ್ ಬೇಗ ಮುಗಿಸುತ್ತವೆ. ತಂತಿಗೆ ತಾಗಿದ ಕಡೆ ಮಾತ್ರ ಕಪ್ಪು ಗೆರೆ ಬಿದ್ದು ಉಳಿದ ಹತ್ತಿ ಬೆಳ್ಳಗೇ ಇದ್ದರೆ ಒಣ ಸುಟ್ಟಿದ್ದು. ಇನ್ನೊಂದು ವಿಷಯ, ಹೊಸ ಕಾಯಿಲ್ ಹಾಕುವಾಗ ಪಕ್ಕದ ರಂಧ್ರಗಳಲ್ಲಿ ಹತ್ತಿ ಕಾಣುವ ಕಡೆಯೆಲ್ಲ ಒಂದೊಂದು ಹನಿ ಬಿಟ್ಟಿರಾ? ಹತ್ತಿ ಒದ್ದೆಯಾಗಿ ಬಣ್ಣ ಬದಲಾಗುವುದು ಕಣ್ಣಿಗೇ ಕಾಣುತ್ತೆ. ಆಮೇಲೆ ಟ್ಯಾಂಕ್ ತುಂಬಿಸಿ ಹತ್ತು ನಿಮಿಷವಾದರೂ ಸುಮ್ನೆ ಬಿಡಬೇಕು. ಹಾಕಿದ ತಕ್ಷಣ 4.2ರಲ್ಲಿ ಎಳೆದಿದ್ದರೆ ಅಲ್ಲೇ ಕಥೆ ಮುಗಿದಿರುತ್ತೆ.

ಲಿಕ್ವಿಡ್‌ನಲ್ಲಿ ವಿಜಿ (ಗ್ಲಿಸರಿನ್) ಎಷ್ಟು, ಪಿಜಿ (ಅದಕ್ಕಿಂತ ತೆಳುವಾದ ಪ್ರೊಪಿಲೀನ್ ಗ್ಲೈಕಾಲ್) ಎಷ್ಟು ಅಂತ ಹೇಳಿಲ್ಲವಲ್ಲ ನೀವು.

ಸರ್ಕ್ಯೂಟ್ ಸೀನ:

ಎಲ್ಲರೂ 4.2 ಅಂದರೆ 4.2 ಅಂತಲೇ ಲೆಕ್ಕ ಹಾಕುತ್ತಿದ್ದೀರಿ. ಡಯಲ್ ಹೇಳುವುದು ನಿಜ ಅಂತ ಯಾರು ಹೇಳಿದರು?

ಪೆನ್ ಒಳಗಿನ ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಬಳಸುತ್ತಾ ಹೋದರೆ 3.7ರ ಆಸುಪಾಸು, ಕೊನೆಗೆ 3.2 ಹತ್ತಿರ ಬಂದಾಗ ಪೆನ್ ಆಫ್ ಆಗುತ್ತೆ. 4.8 ಕೊಡಬೇಕು ಅಂದರೆ ಒಳಗೆ ವೋಲ್ಟ್ ಎತ್ತುವ ಸರ್ಕ್ಯೂಟ್ ಇರಬೇಕು. ಅದು ಇಲ್ಲದ ಪೆನ್‌ಗಳು ಇಳಿಸಬಲ್ಲವು, ಏರಿಸಲಾರವು. ಅಂಥದ್ದರಲ್ಲಿ ಬೆಳಿಗ್ಗೆ ಚಾರ್ಜ್ ತುಂಬಿದಾಗ 4.2 ಇದ್ದದ್ದು ಸಂಜೆಗೆ ಡಯಲ್ ಅಲ್ಲೇ ಇದ್ದರೂ 3.6 ಆಗಿರುತ್ತೆ. ರುಚಿ ಸಂಜೆಗೆ ಸಪ್ಪೆ ಅನ್ನಿಸಿದರೆ ನಾಲಿಗೆಯನ್ನು ಬೈಯಬೇಡಿ.

ಇನ್ನೂ ತಮಾಷೆ ಇದೆ. ಎಷ್ಟೋ ಅಗ್ಗದ ಪೆನ್ ಮತ್ತು ಹಳೆಯ ಬಾಕ್ಸ್‌ಗಳು (ಪೆನ್‌ಗಿಂತ ದೊಡ್ಡ, ಡಬ್ಬಿಯಂಥ ವೇಪ್‌ಗಳು) ವೋಲ್ಟ್ ಅನ್ನು ನಿಜವಾಗಿ ಬದಲಿಸುವುದೇ ಇಲ್ಲ. ಒಂದೇ ವೋಲ್ಟ್ ಅನ್ನು ಸೆಕೆಂಡಿಗೆ ಹತ್ತಾರು ಸಲ ಆನ್, ಆಫ್ ಮಾಡಿ ಸರಾಸರಿ ತೋರಿಸುತ್ತವೆ. ಕಿವಿ ಹತ್ತಿರ ಇಟ್ಟು ಬಟನ್ ಒತ್ತಿದರೆ ಕೆಲವದರಲ್ಲಿ ಗುರ್ರ್ ಅಂತ ಸದ್ದು ಕೇಳುತ್ತೆ, ಅದು ಇದೇ. ಒಳಗೆ 6 ವೋಲ್ಟ್‌ಗೆ ಎತ್ತಿ, ಚೂರು ಚೂರಾಗಿ ಕೊಟ್ಟು, ಸರಾಸರಿ 3.5 ಅಂತ ತೋರಿಸುವ ಒಂದು ಬಾಕ್ಸ್ ಇದೆ ಅಂದುಕೊಳ್ಳಿ. 1.8 ಓಮ್ ಕಾಯಿಲ್‌ಗೆ 3.5 ಅಂದರೆ 6.8 ವ್ಯಾಟ್ ಅಂತ ನೀವು ಲೆಕ್ಕ ಹಾಕುತ್ತೀರಿ. ಆದರೆ ಶಾಖ ವೋಲ್ಟ್‌ನ ವರ್ಗಕ್ಕೆ ತಕ್ಕ ಹಾಗೆ ಬರುವುದು, ಸರಾಸರಿಗಲ್ಲ. ನಿಜಕ್ಕೂ ಬರುವುದು 6 ಗುಣಿಸು 3.5, ಭಾಗಿಸು 1.8, ಅಂದರೆ 11.7 ವ್ಯಾಟ್. ಸಾಮಾನ್ಯ ಮೀಟರ್ ಹಿಡಿದರೂ 3.5 ಅಂತಲೇ ತೋರಿಸುತ್ತೆ, ಅದು ನೋಡುವುದೂ ಸರಾಸರಿಯನ್ನೇ.

ಆದ್ದರಿಂದ ಒಬ್ಬರ ಪೆನ್‌ನ 4.0 ಇನ್ನೊಬ್ಬರ ಪೆನ್‌ನ 4.0 ಅಲ್ಲ. ನಿಮ್ಮ ಗೆಳೆಯನಿಗೆ 4.0 ಸರಿ ಹೋಗಿರಬಹುದು, ಅವನ ಪೆನ್ನು, ಅವನ ಕಾಯಿಲು.

ಹೊಸಹುರುಪು:

ಅಬ್ಬಾ, ಇಷ್ಟೆಲ್ಲ ಇದೆಯಾ! ಓಮ್‌ಶಾಂತಿ ಅವರೇ, ಎರಡರಷ್ಟು ಆಯಿತು ಅಂದಾಗಲೇ ಅರ್ಧ ಅರ್ಥ ಆಯ್ತು. ಕಾಯಿಲ್ ಬಿಚ್ಚಿ ನೋಡಿದೆ, ಹತ್ತಿಹುಳ ಹೇಳಿದ ಹಾಗೇ ತಂತಿಯ ಗುಂಟ ಕಪ್ಪು ಗೆರೆ, ಬದಿಯ ಹತ್ತಿ ಇನ್ನೂ ಬಿಳಿ. ಒಂದೇ ಸುರುಳಿ ಇದೆ. ಮೈಮೇಲೆ ಸಣ್ಣ ಅಕ್ಷರದಲ್ಲಿ 8ರಿಂದ 12 ವ್ಯಾಟ್ ಅಂತ ಇದೆ. ಲಿಕ್ವಿಡ್ 80 ವಿಜಿ, 20 ಪಿಜಿ, ನಿಕೋಟಿನ್ ಮಿಲಿಲೀಟರಿಗೆ 18 ಮಿಲಿಗ್ರಾಂ. ಹೊಗೆ ಜಾಸ್ತಿ ಬರುತ್ತೆ ಅಂತ ಇದನ್ನು ತಗೊಂಡಿದ್ದು. ಎಳೆದಾಗ ತಲೆ ಸ್ವಲ್ಪ ಗಿರ್ ಅನ್ನುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹತ್ತಿಹುಳ:

80 ವಿಜಿ! ಸಿಕ್ಕಿತು ನೋಡಿ ಕಳ್ಳ. ವಿಜಿ ಅಂದರೆ ಗ್ಲಿಸರಿನ್, ಮಂದ, ನಿಧಾನಕ್ಕೆ ಹರಿಯುತ್ತೆ. ಪೆನ್ ಕಾಯಿಲ್‌ಗಳ ರಂಧ್ರ ಸೂಜಿ ತುದಿಯಷ್ಟು, ಅದರಲ್ಲಿ ಇದು ಹೋಗಿ ಹತ್ತಿ ಸೇರುವಷ್ಟರಲ್ಲಿ ನೀವು ಮುಂದಿನ ಎಳೆತ ಎಳೆದಿರುತ್ತೀರಿ. ವಿಜಿ, ಪಿಜಿ ಅರ್ಧಕ್ಕರ್ಧ ಇರುವ ಲಿಕ್ವಿಡ್ ಹಾಕಿ, ಇದೇ ಥರದ ಹೊಸ ಕಾಯಿಲ್ 3.5ರಲ್ಲಿ ಚೆನ್ನಾಗಿ ನಡೆಯುತ್ತೆ, ಸುಮಾರು 10 ವ್ಯಾಟ್ ಆಗುತ್ತೆ, ಮಿತಿಯ ನಡುವೆ. ಪ್ರತಿ ಎಳೆತದ ನಂತರ ಟ್ಯಾಂಕ್‌ನಲ್ಲಿ ಒಂದು ಸಣ್ಣ ಗುಳ್ಳೆ ಮೇಲೆ ಬರುವುದನ್ನು ನೋಡಿ. ಗುಳ್ಳೆ ಬಂತು ಅಂದರೆ ಆವಿಯಾದಷ್ಟು ಲಿಕ್ವಿಡ್ ಒಳಗೆ ಹೋಯಿತು ಅಂತ. ಹತ್ತಾರು ಸಲ ಎಳೆದರೂ ಗುಳ್ಳೆಯೇ ಕಾಣದಿದ್ದರೆ ನಿಲ್ಲಿಸಿ.

ಡಯಲ್ ಹೊಂದಿಸಲು ನಾನು ಮಾಡುವುದು ಇಷ್ಟೇ. ಕೆಳಗಿನ ತುದಿಯಿಂದ ಶುರು, ಒಂದು ಗೆರೆ ಏರಿಸು, ನಾಲ್ಕೈದು ಎಳೆತ, ನಡುವೆ ಅರ್ಧ ನಿಮಿಷ ಬಿಡುವು. ರುಚಿ ಒಂದು ಹಂತದವರೆಗೆ ತೆರೆದುಕೊಳ್ಳುತ್ತಾ ಹೋಗುತ್ತೆ, ಆಮೇಲೆ ಹಣ್ಣಿನ ರುಚಿ ಹೋಗಿ ಬರೀ ಬಿಸಿ ಉಳಿಯುತ್ತೆ. ಅಲ್ಲಿಂದ ಒಂದು ಗೆರೆ ಕೆಳಗೆ ಬನ್ನಿ. ಇದಕ್ಕಿಂತ ದೊಡ್ಡ ವಿದ್ಯೆ ಏನೂ ಇಲ್ಲ.

ತಣ್ಣಗಿರು:

ತಲೆ ಗಿರ್ ಅನ್ನುವುದಕ್ಕೆ ಖಂಡಿತ ಸಂಬಂಧ ಇದೆ, ಅದನ್ನು ಯಾರೂ ಮುಟ್ಟಲಿಲ್ಲ ಅಂತ ಬರೆಯುತ್ತಿದ್ದೇನೆ. ವ್ಯಾಟ್ ಎರಡರಷ್ಟಾದರೆ ಒಂದು ಎಳೆತಕ್ಕೆ ಆವಿಯಾಗುವ ಲಿಕ್ವಿಡ್ ಜಾಸ್ತಿ, ಲಿಕ್ವಿಡ್ ಜಾಸ್ತಿ ಅಂದರೆ ನಿಕೋಟಿನ್ನೂ ಜಾಸ್ತಿ. 7 ವ್ಯಾಟ್‌ಗೆ ಹೊಂದುವ 18 ಮಿಲಿಗ್ರಾಂ 15 ವ್ಯಾಟ್‌ಗೆ ಹೊಂದುವುದಿಲ್ಲ. ತಲೆ ಸುತ್ತು, ವಾಕರಿಕೆ, ಎದೆ ಬಡಿತ ಜೋರು ಅನ್ನಿಸಿದರೆ ಆ ಹೊತ್ತಿಗೆ ಕೆಳಗಿಡಿ. ಒಂದೋ ಶಕ್ತಿ ಇಳಿಸಿ, ಇಲ್ಲ ನಿಕೋಟಿನ್ ಇಳಿಸಿ. ಸಾಲ್ಟ್ ನಿಕೋಟಿನ್ (ಆಮ್ಲ ಸೇರಿಸಿ ಮೆದು ಮಾಡಿದ ನಿಕೋಟಿನ್) ಅನ್ನು ಅಷ್ಟು ಪ್ರಮಾಣದಲ್ಲಿ 1 ಓಮ್‌ಗಿಂತ ಕಡಿಮೆಯ ಕಾಯಿಲ್‌ಗೆ ಹಾಕುವ ಯೋಚನೆಯೇ ಬೇಡ, ಅದು ಗಂಟಲಿಗೆ ಉರಿ ತೋರಿಸದೆ ಒಳಗೆ ಇಳಿದುಬಿಡುತ್ತೆ.

ಸುಟ್ಟ ರುಚಿಯನ್ನು ಬರೀ ರುಚಿಯ ಪ್ರಶ್ನೆ ಅಂದುಕೊಳ್ಳಬೇಡಿ. ಪಿಜಿ, ವಿಜಿ ಎರಡೂ ಮಿತಿ ಮೀರಿ ಬಿಸಿಯಾದರೆ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಥರದ ವಿಷ ಹುಟ್ಟುತ್ತೆ. 2015ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದರ ಬಗ್ಗೆ ಒಂದು ಪತ್ರ ಬಂದಿತ್ತು. 3.3 ವೋಲ್ಟ್‌ನಲ್ಲಿ ಫಾರ್ಮಾಲ್ಡಿಹೈಡ್ ಬಿಡುವ ಅಂಶ ಕಾಣಲಿಲ್ಲ, 5 ವೋಲ್ಟ್‌ನಲ್ಲಿ ಕಂಡಿತು ಅಂತ. ಆ ಕಾಯಿಲ್‌ಗೆ 5 ವೋಲ್ಟ್ ಅಂದರೆ ಒಣ ಸುಡುವುದೇ, ಯಾವ ಮನುಷ್ಯನೂ ಅದನ್ನು ಎಳೆಯಲಾರ ಅಂತ ಆಮೇಲೆ ಬಲವಾದ ಆಕ್ಷೇಪವೂ ಬಂತು. ಸರಿ, ಎಳೆಯಲಾರ. ಆದರೆ ಇಲ್ಲಿ ಎಷ್ಟು ಜನ ಕಾಯಿಲ್ ಉಳಿಸುವ ಆಸೆಗೆ ಸುಟ್ಟ ರುಚಿಯನ್ನೇ ನುಂಗಿಕೊಂಡು ಟ್ಯಾಂಕ್ ಖಾಲಿ ಮಾಡುತ್ತಾರೆ ಅಂತ ನೋಡಿದ್ದೇನೆ. ಕಡಿಮೆ ವೋಲ್ಟ್ ಅಂದ ಮಾತ್ರಕ್ಕೆ ನಿರಪಾಯ ಅಂತಲೂ ಅಲ್ಲ ಬಿಡಿ, ಸಿಗರೇಟ್ ಮುಟ್ಟದವರು ಇದನ್ನು ಮುಟ್ಟುವ ಕಾರಣವೇ ಇಲ್ಲ.

ಗಡಿಬಿಡಿ:

ಇಷ್ಟು ಲೆಕ್ಕ ಯಾಕೆ ಗುರು, ವ್ಯಾಟ್ ಇಡುವ ಬಾಕ್ಸ್ ತಗೊಂಡುಬಿಡಿ. 10 ವ್ಯಾಟ್ ಅಂತ ಒತ್ತಿ, ಯಾವ ಕಾಯಿಲ್ ಹಾಕಿದರೂ ಅದೇ ಓಮ್ ಅಳೆದು ವೋಲ್ಟ್ ಹೊಂದಿಸುತ್ತೆ.

ಓಮ್‌ಶಾಂತಿ:

ಒಪ್ಪುತ್ತೇನೆ, ಮುಂದಿನ ಸಲ ತಗೊಳ್ಳುವಾಗ ಅದೇ ಸರಿ. ಆದರೆ ಬಾಕ್ಸ್ ಓಮ್ ಅಳೆಯುವುದೂ ಟ್ಯಾಂಕ್ ಕೂರುವ ಜಾಗದ ಮೂಲಕವೇ ಅಲ್ವಾ? ನಡುವಿನ ಪಿನ್ ಮೇಲೆ ಲಿಕ್ವಿಡ್ ಸೋರಿ ಜಿಡ್ಡು ಕಟ್ಟಿದ್ದರೆ 1.2 ಇರುವುದು 1.4 ಅಂತ ತೋರಿಸುತ್ತೆ. ಟಿಶ್ಯೂನಿಂದ ಆಗಾಗ ಒರೆಸಬೇಕು. ಮತ್ತೆ 10 ವ್ಯಾಟ್ ಎಲ್ಲ ಕಾಯಿಲ್‌ಗೂ ಸರಿ ಅನ್ನುವುದು ಹಳೆಯ 4.0 ವೋಲ್ಟ್ ಕಥೆಯೇ, ಮೇಲೆ ಹತ್ತಿಹುಳ ಬರೆದಿದ್ದು ಓದಿ.

ನಿಕ್ಕೆಲ್ ಅಥವಾ ಟೈಟಾನಿಯಂ ತಂತಿಯ ಕಾಯಿಲ್ ಸಿಕ್ಕಿದರೆ ಅದನ್ನು ಈ ಪೆನ್‌ಗೆ ಹಾಕಬೇಡಿ, ಅವು ಉಷ್ಣತೆ ನಿಯಂತ್ರಿಸುವ ಬಾಕ್ಸ್‌ಗಳಿಗೆ ಮಾತ್ರ. ಕಾಂತಲ್ (ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿದ ಲೋಹ) ತಂತಿಯದು ಬಿಸಿಯಾದರೂ ಓಮ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಡಯಲ್ ಲೆಕ್ಕ ಹೊಂದುವುದು ಅದಕ್ಕೇ.

ಹೊಸಹುರುಪು:

ಅರ್ಧಕ್ಕರ್ಧ ಲಿಕ್ವಿಡ್, 12 ಮಿಲಿಗ್ರಾಂ, ಹೊಸ ಕಾಯಿಲ್‌ಗೆ ಹನಿ ಬಿಟ್ಟು ಕಾದು, 3.3ರಿಂದ ಶುರು ಮಾಡಿದೆ. 3.5ರ ಗೆರೆ ಹತ್ತಿರ ರುಚಿ ಬಂತು, ಗುಳ್ಳೆಯೂ ಬರುತ್ತಿದೆ. ಹೊಗೆ ಮೊದಲಿನಷ್ಟು ಇಲ್ಲ, ಪರವಾಗಿಲ್ಲ. ಆ ಸುಟ್ಟ ಕಾಯಿಲ್ ಬಿಸಿನೀರಲ್ಲಿ ತೊಳೆದು ಮತ್ತೆ ಹಾಕಬಹುದಾ?

ಹತ್ತಿಹುಳ:

ಬೇಡ. ತೊಳೆದರೆ ತಂತಿಗೆ ಕಟ್ಟಿದ ಸಿಹಿ ಸ್ವಲ್ಪ ಬಿಡಬಹುದು, ಕರಕಲಾದ ಹತ್ತಿ ಮತ್ತೆ ಹತ್ತಿ ಆಗುವುದಿಲ್ಲ. ಎಸೆಯಿರಿ. ಉಳಿದ 80 ವಿಜಿ ಬಾಟಲಿ ಮಾತ್ರ ಎಸೆಯಬೇಡಿ, ನಿಕೋಟಿನ್ ಇಲ್ಲದ ಪಿಜಿ ಸಿಕ್ಕಿದರೆ ಬೆರೆಸಿ ತೆಳು ಮಾಡಿಕೊಳ್ಳಿ. 18 ಕೂಡ ಅದರಲ್ಲೇ ಇಳಿಯುತ್ತೆ.