ಹಿಂದಿನ ಲೈಟಿಗೆ ‘ಅರ್ಥ್’ ಸಿಗದಿದ್ದರೆ ಕನ್ನಡದಲ್ಲಿ ಏನು ಬರೆಯುವುದು?

ಗೆಳೆಯರೇ,

ಎರಡು ಪದಗಳ ಬಗ್ಗೆ ಕೇಳಬೇಕಿತ್ತು. ಒಂದು ಗ್ಯಾರೇಜಿನವರ ‘ಅರ್ಥ್’, ಅಂದರೆ ಇಂಗ್ಲಿಷಿನ earth, ಕರೆಂಟ್ ವಾಪಸು ಹೋಗುವ ದಾರಿ. ಇನ್ನೊಂದು ನಮ್ಮ ಅಡುಗೆಮನೆಯ ‘ಕಿಲುಬು’, ತಾಮ್ರ ಹಿತ್ತಾಳೆಗೆ ಹಿಡಿಯುವ ಹಸಿರು ಪುಡಿ. ಎರಡೂ ನನಗೆ ಎದುರಾದದ್ದು ಒಂದೇ ಜಾಗದಲ್ಲಿ, ಮಾವನ ಹಳೆಯ ಪಿಕಪ್ಪಿನ ಹಿಂದಿನ ಲೈಟಿನೊಳಗೆ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಾವ ಅಡಿಕೆ, ತೆಂಗಿನಕಾಯಿ ತುಂಬಿಕೊಂಡು ಪೇಟೆಗೆ ಹೋಗಿ ಬರುವ ಗಾಡಿ ಅದು. ಈ ಮಳೆಗಾಲದಲ್ಲಿ ಬ್ರೇಕ್ ತುಳಿದಾಗಲೆಲ್ಲ ಹಿಂದಿನ ಎಡಗಡೆಯ ಲೈಟ್ ಮಂಕಾಗಿ ಉರಿಯುತ್ತಿತ್ತು. ಅದರ ಜೊತೆ ಮುಂದಿನ ಎಡ ಇಂಡಿಕೇಟರೂ ಮಿಣಮಿಣ ಅನ್ನುತ್ತಿತ್ತು. ಮಾವ ಬಲ್ಬ್ ಬದಲಿಸಿದರು, ಫ್ಯೂಸ್ ನೋಡಿದರು. ಏನೂ ಪ್ರಯೋಜನವಾಗಲಿಲ್ಲ.

ಗ್ಯಾರೇಜಿನವರು ಒಂದು ಸಲ ಬ್ರೇಕ್ ತುಳಿಸಿ ನೋಡಿದ್ದೇ, “ಅಣ್ಣಾ, ಅರ್ಥ್ ಸಿಕ್ಕುವುದಿಲ್ಲ” ಅಂದರು. ಕೆಲಸದ ಹುಡುಗನಿಗೆ ತುಳುವಿನಲ್ಲಿ “ಅರ್ತ್ ತಿಕ್ಕುಜಿ” ಅಂದರು. ಅಷ್ಟರಲ್ಲಿ ಬಂದ ಇನ್ನೊಬ್ಬರಿಗೆ ಮಲಯಾಳದಲ್ಲಿ “ಎರ್ತ್ ಕಿಟ್ಟುನ್ನಿಲ್ಲ” ಅಂದರು. ಮೂರು ಭಾಷೆ, ಆದರೆ ಕ್ರಿಯಾಪದ ಒಂದೇ: ಸಿಗುವುದು. ಬ್ಯಾಟರಿಯ ಪ್ಲಸ್ ಕಡೆಯದನ್ನು ಹೇಳುವಾಗ ಮಾತ್ರ “ಲೈನ್ ಬರ್ತದೆ” ಅನ್ನುತ್ತಾರೆ. ಲೈನ್ ಬರುತ್ತದೆ, ಅರ್ಥ್ ಸಿಗುತ್ತದೆ. ಯಾರೂ ಕಲಿಸದೆ ಹುಟ್ಟಿದ ಈ ವ್ಯತ್ಯಾಸ ನನಗೆ ತುಂಬಾ ಹಿಡಿಸಿತು.

ಸಂಗತಿ ಇಷ್ಟೇ. ಗಾಡಿಯ ದೀಪಗಳಿಗೆ ಕರೆಂಟ್ ಹೋಗುವುದಕ್ಕೆ ತಂತಿ ಇದೆ. ವಾಪಸು ಬರುವುದಕ್ಕೆ ಗಾಡಿಯ ಕಬ್ಬಿಣದ ಬಾಡಿಯೇ ದಾರಿ, ಬ್ಯಾಟರಿಯ ಮೈನಸ್ ಅದಕ್ಕೇ ಕಟ್ಟಿರುತ್ತದೆ. ಹಿಂದಿನ ಲೈಟಿನ ಬ್ರೇಕ್, ಪಾರ್ಕಿಂಗ್, ಇಂಡಿಕೇಟರ್ ಮೂರಕ್ಕೂ ಸೇರಿ ಒಂದೇ ಅರ್ಥ್ ತಂತಿ ಬಾಡಿಯ ಸ್ಕ್ರೂಗೆ ಬಂದು ಸೇರುತ್ತಿತ್ತು. ಆ ಸ್ಕ್ರೂ ತುಕ್ಕು ಹಿಡಿದರೆ ಬ್ರೇಕಿನ ಕರೆಂಟಿಗೆ ವಾಪಸು ದಾರಿ ಇಲ್ಲ. ಆಗ ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿ ಹಿಡಿದು ಮುಂದಿನ ಇಂಡಿಕೇಟರಿಗೆ ಹೋಗಿ, ಅಲ್ಲಿ ಬಾಡಿ ಸೇರುತ್ತದೆ. 12 ವೋಲ್ಟನ್ನು ಮೂರು ಬಲ್ಬು ಹಂಚಿಕೊಂಡ ಮೇಲೆ ಬೆಳಕು ಮಂಕಾಗದೆ ಇನ್ನೇನು? ಗ್ಯಾರೇಜಿನವರು ಒಂದು ತುಂಡು ವೈರಿನಿಂದ ಲೈಟಿನ ಅರ್ಥನ್ನು ಚಾಸಿಯ ಒಂದು ಶುಚಿಯಾದ ಬೋಲ್ಟಿಗೆ ಮುಟ್ಟಿಸಿದರು. ತಕ್ಷಣ ಬ್ರೇಕ್ ಲೈಟ್ ಕೆಂಪಗೆ ಹೊತ್ತಿತು, ಇಂಡಿಕೇಟರ್ ಆರಿತು. ಅಲ್ಲಿಗೆ ರೋಗ ಯಾವುದೆಂದು ಗೊತ್ತಾಯಿತು.

ಇದನ್ನು ನಮ್ಮೂರ ಗ್ರಂಥಾಲಯದ ಕೈಬರಹ ಪತ್ರಿಕೆಗೆ ಬರೆದುಕೊಟ್ಟೆ. ಅಂದವಾಗಿ ನಕಲು ಮಾಡುವ ಹುಡುಗಿ ‘ಅರ್ಥ್’ ಅನ್ನುವುದನ್ನು ನನ್ನ ಕೈತಪ್ಪು ಅಂದುಕೊಂಡು ಎಲ್ಲ ಕಡೆ ‘ಅರ್ಥ’ ಮಾಡಿದ್ದಳು. “ಹಿಂದಿನ ಲೈಟಿಗೆ ಅರ್ಥ ಸಿಗುತ್ತಿಲ್ಲ.” ಅವಳದ್ದು ತಪ್ಪಲ್ಲ. ಅಕ್ಷರದಲ್ಲಿ ಎರಡಕ್ಕೂ ಇರುವುದು ಒಂದು ತಲಕಟ್ಟಿನಷ್ಟು ವ್ಯತ್ಯಾಸ.

ಹಾಗಾದರೆ ಏನು ಬರೆಯೋಣ? ಶಾಲೆಯ ವಿಜ್ಞಾನದ ಪಾಠದಲ್ಲಿ ‘ಭೂಸಂಪರ್ಕ ತಂತಿ’ ಇದೆ. ಮನೆಯ ವಯರಿಂಗಿಗೆ ಅದು ಸರಿ, ಅಲ್ಲಿ ತಂತಿ ನಿಜವಾಗಿಯೂ ಮಣ್ಣಿಗೆ ಇಳಿಯುತ್ತದೆ. ಗಾಡಿ ನಿಂತಿರುವುದು ರಬ್ಬರ್ ಟಯರಿನ ಮೇಲೆ. ಅದರ ಅರ್ಥಿಗೂ ಭೂಮಿಗೂ ಸಂಬಂಧವೇ ಇಲ್ಲ. ‘ಭೂಸಂಪರ್ಕ’ ಅಂತ ಬರೆದರೆ ಓದಿದವರು ಗಾಡಿಯಿಂದ ನೆಲಕ್ಕೆ ಸರಪಳಿ ಇಳಿಬಿಟ್ಟಾರು. ‘ಮರಳುತಂತಿ’ ಅಂದರೆ ಮರಳು, ಹೊಯ್ಗೆ ಅಂತಲೇ ಮೊದಲು ಹೊಳೆಯುತ್ತದೆ. ‘ನೆಲೆತಂತಿ’ ಅಂತ ಒಂದು ಯೋಚಿಸಿದೆ. ನೆಲ ಅಲ್ಲ, ನೆಲೆ. ಕೇಳಲು ಚೆನ್ನಾಗಿದೆ, ಆದರೆ ಗ್ಯಾರೇಜಿನಲ್ಲಿ ಹೇಳಿದರೆ ಯಾರಿಗೂ ತಿಳಿಯದು. ಸದ್ಯ ನನ್ನ ಮನಸ್ಸು ‘ಬಾಡಿ ಅರ್ತ್’ ಕಡೆಗಿದೆ. ಬಾಡಿ ಅನ್ನುವುದು ಸೇರಿದರೆ ಕರೆಂಟ್ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಮಹಾಪ್ರಾಣ ಬಿಟ್ಟು ‘ತ್’ ಬರೆದರೆ ‘ಅರ್ಥ’ದ ಗೊಂದಲವೂ ಇಲ್ಲ, ಬಾಯಲ್ಲಿ ಬರುವುದೂ ಹಾಗೆಯೇ ಅಲ್ವಾ?

ಇನ್ನು ಕಿಲುಬು. ಲೈಟಿನ ಗ್ಲಾಸ್ ಬಿಚ್ಚಿದಾಗ ಬಲ್ಬ್ ಹೋಲ್ಡರಿನ ಹಿತ್ತಾಳೆ ನಾಲಗೆಯ ಮೇಲೆ ಹಸಿರು ಪುಡಿ ಕೂತಿತ್ತು. ಹುಡುಗ “ಇದಕ್ಕೂ ತುಕ್ಕು ಹಿಡಿದಿದೆ” ಅಂದ. ನನ್ನ ಬಾಯಿಂದ ಥಟ್ಟನೆ “ತುಕ್ಕಲ್ಲ, ಕಿಲುಬು” ಅಂತ ಬಂತು. ಅಮ್ಮ ದೀಪಾವಳಿಗೆ ಮೊದಲು ಹಿತ್ತಾಳೆ ಚೆಂಬು, ಕಾಲುದೀಪಗಳ ಕಿಲುಬನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದದ್ದು ಕಣ್ಣ ಮುಂದೆ ಬಂತು. ಕಬ್ಬಿಣದ್ದು ತುಕ್ಕು, ತಾಮ್ರ ಹಿತ್ತಾಳೆಯದ್ದು ಕಿಲುಬು. ತಮಿಳಿನವರ ಕಳಿಂಬು ಇದೇ. ಮಲಯಾಳದಲ್ಲೂ ತುರುಂಬು ಬೇರೆ, ಕ್ಲಾವು ಬೇರೆ. ಇಷ್ಟು ಒಳ್ಳೆಯ ವ್ಯತ್ಯಾಸ ನಮ್ಮಲ್ಲಿರುವಾಗ ಎಲ್ಲದಕ್ಕೂ ತುಕ್ಕು ಅಂದುಬಿಡುವುದು ನನಗೆ ನೋವು ತರುತ್ತದೆ. (ಹೋಲ್ಡರಿಗೆ ಮಾತ್ರ ಹುಣಸೆಹುಳಿ ಹಾಕಬೇಡಿ. ಹುಳಿ ಒಳಗೆ ಉಳಿದು ಮತ್ತೆ ತಿನ್ನುತ್ತದೆ. ಎಮರಿ ಪೇಪರಿನ ತುಂಡಿನಿಂದ ಒಣಗಿದ್ದ ಹಾಗೇ ಉಜ್ಜಿ, ಚೂರು ಗ್ರೀಸ್ ಸವರಿದರೆ ಸಾಕು.)

ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಹೊಸೂರು, ತಾಳವಾಡಿ, ಮಡಕಶಿರಾ, ಅಕ್ಕಲಕೋಟೆ, ಜತ್ತ ಕಡೆಯವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ. ನಿಮ್ಮ ಗ್ಯಾರೇಜುಗಳಲ್ಲಿ ಅರ್ಥ್ ‘ಸಿಗುತ್ತದೆಯೋ’, ‘ಬರುತ್ತದೆಯೋ’, ‘ಹಿಡಿಯುತ್ತದೆಯೋ’? ಆ ಹಸಿರು ಪುಡಿಗೆ ಕಿಲುಬು ಅಂತ ಅನ್ನುವವರು ಈಗಲೂ ಇದ್ದಾರಾ? ಪತ್ರಿಕೆಯ ಮುಂದಿನ ಸಂಚಿಕೆಗೆ ಆ ಪುಟವನ್ನು ಮತ್ತೆ ನಕಲು ಮಾಡಿಸಬೇಕು. ಅದಕ್ಕೆ ಮೊದಲು ನಿಮ್ಮ ಮಾತು ಸಿಕ್ಕಿದರೆ ಸೇರಿಸುತ್ತೇನೆ.