ಕುರ್ಸುರಾ ಸಬ್‌ಮರೀನ್ ಕವರ್: 1969ರದ್ದು ಅಂತ ಮಾರ್ತಿದ್ದಾರೆ, ತಗೊಳ್ಳಬಹುದಾ?

ಕೌಲ್‌ಬಜಾರ್ ಹುಡುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ನೇವಿಯಲ್ಲಿದ್ದರು, ಸರ್ವಿಸ್ ಬಹುಪಾಲು ವಿಶಾಖಪಟ್ಟಣದಲ್ಲೇ. ಅವರ ಟ್ರಂಕಿನಲ್ಲಿ ಸಬ್‌ಮರೀನ್ ಚಿತ್ರ ಇರುವ ಒಂದಷ್ಟು ಲಕೋಟೆ ಸಿಕ್ಕವು. ಮನೆಯಲ್ಲಿ ಸ್ಟಾಂಪ್ ಹುಚ್ಚು ಇರೋದು ನನಗೊಬ್ಬನಿಗೇ, ಹಾಗಾಗಿ ಚಿಕ್ಕಮ್ಮ ಎಲ್ಲಾ ನನ್ನ ಕೈಗೇ ಕೊಟ್ಟರು. ಒಂದರ ಮೇಲೆ ಐಎನ್‌ಎಸ್ ಕುರ್ಸುರಾ ಅಂತ ಹೆಸರಿದೆ, ಸೀಲಿನಲ್ಲಿ 56 ಎಪಿಒ ಅಂತಿದೆ. ವೈಜಾಗ್ ಬೀಚಿನಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರಲ್ಲ, ಅದೇ.

ಈಗ ಆಸೆ ಏನಂದ್ರೆ, ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕೋ ಬದಲು ಈ ಒಂದೇ ಸಬ್‌ಮರೀನ್‌ನ ಸರ್ವಿಸ್ ಶುರುವಿನಿಂದ ಕೊನೆವರೆಗೂ ಕವರ್, ಅಂದ್ರೆ ಸ್ಟಾಂಪು ಸೀಲು ಸಮೇತ ಲಕೋಟೆ, ಸೇರಿಸಬೇಕು. ಆನ್‌ಲೈನ್‌ನಲ್ಲಿ ಒಬ್ಬರು '18-12-1969, ರೀಗಾ, ಕಮಿಷನಿಂಗ್ ಕವರ್' ಅಂತ ಹಾಕಿದ್ದಾರೆ, ಅಂದ್ರೆ ಸಬ್‌ಮರೀನ್ ಸೇವೆಗೆ ಸೇರಿದ ದಿನದ್ದಂತೆ, 3 ಸಾವಿರ ಕೇಳ್ತಾರೆ. ಫೋಟೋದಲ್ಲಿ ಎಡಗಡೆ ಸಬ್‌ಮರೀನ್ ಚಿತ್ರ, ಬಲಗಡೆ ನಮ್ಮ ದೇಶದ ಸ್ಟಾಂಪು, ಅದರ ಮೇಲೆ ರೀಗಾ ಅಂತ ದುಂಡನೆ ಸೀಲು. ಕೆಳಗೆ ಅಡ್ರೆಸ್ ಬರೆಯೋ ಜಾಗದಲ್ಲಿ ಆರು ಚಿಕ್ಕ ಚೌಕ, ಎಲ್ಲಾ ಖಾಲಿ. ಹೊಚ್ಚಹೊಸದು ಇದ್ದಂಗಿದೆ. ತಗೊಳ್ಳಲಾ? ಇನ್ನೊಂದು, ನಮ್ಮೂರಿನ ಬಿಸಿಲಿಗೆ ಇವನ್ನೆಲ್ಲ ಹೇಗೆ ಇಡೋದು?

ಹಳೇ ಟಪಾಲು, ರಾಯಚೂರು

ತಮ್ಮಾ, ಬೇಡ. ನೀನೇ ಬರೆದಿರೋದರಲ್ಲೇ ಉತ್ತರ ಇದೆ. ಆ ಆರು ಚೌಕ ಇರೋದು ಪಿನ್‌ಕೋಡ್ ಬರೆಯೋಕೆ. ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. 1969ರ ಲಕೋಟೆ ಮೇಲೆ ಅದು ಎಲ್ಲಿಂದ ಬರಬೇಕು? ಎರಡನೇದು, ಕುರ್ಸುರಾ 1969ರ ಡಿಸೆಂಬರ್ 18ಕ್ಕೆ ರೀಗಾದಲ್ಲಿ ಸೇವೆಗೆ ಸೇರಿದ್ದು ನಿಜ. ಆದರೆ ರೀಗಾ ಆಗ ಸೋವಿಯತ್ ದೇಶದಲ್ಲಿತ್ತು. ಅಲ್ಲಿನ ಪೋಸ್ಟಾಫೀಸಿನವರು ನಮ್ಮ ಸ್ಟಾಂಪಿಗೆ ಅವರ ಸೀಲು ಹೊಡೆಯೋಕೆ ಅವರಿಗೇನು ಬಂದಿತ್ತು? ತಾರೀಖು ಗೊತ್ತಿರೋ ಯಾರೋ ಆಮೇಲೆ ಮನೆಯಲ್ಲಿ ಕೂತು ಮಾಡಿದ್ದು ಅದು.

ಯಾವ ಕವರ್ ನೋಡಿದ್ರೂ ಮೊದಲು ಹೀಗೆ ತಾರೀಖು ತಾಳೆ ಹಾಕು. ಸ್ಟಾಂಪ್ ಯಾವ ವರ್ಷದ್ದು, ಸೀಲಿನ ತಾರೀಖಿಗಿಂತ ಆಮೇಲೆ ಬಂದಿದ್ದಾ ನೋಡು. 1971ರ ಯುದ್ಧದ ಕಾಲದ್ದು ಅಂತ ಕೊಟ್ಟರೆ ಇನ್ನೊಂದು ಗುರುತಿದೆ. 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆವರೆಗೆ ಮಾಮೂಲಿ ಪತ್ರಕ್ಕೆ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪ್ ಬೇರೆ ಹಚ್ಚಬೇಕಿತ್ತು. ಮೊದಮೊದಲು ಕುಟುಂಬ ಯೋಜನೆ ಸ್ಟಾಂಪಿನ ಮೇಲೇ ಅಚ್ಚೊತ್ತಿ ಕೊಟ್ಟರು, ಡಿಸೆಂಬರ್‌ನಲ್ಲಿ ಅದಕ್ಕೇ ಅಂತ ಬೇರೆ ಸ್ಟಾಂಪ್ ಬಂತು. ಸಿವಿಲ್ ಪೋಸ್ಟಾಫೀಸಿನ ಸೀಲು ಇದ್ದು ಈ ಸ್ಟಾಂಪ್ ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳು.

ನಿನ್ನ ಚಿಕ್ಕಪ್ಪನ ಕವರ್ ವಿಷಯ. 56 ಎಪಿಒ ಅನ್ನೋದು ಊರಲ್ಲ, ಸೇನಾ ಅಂಚೆಯ ನಂಬರು. ಹಡಗು, ಸಬ್‌ಮರೀನ್ ಎಲ್ಲಿವೆ ಅಂತ ಹೊರಗೆ ಗೊತ್ತಾಗಬಾರದಲ್ವಾ, ಅದಕ್ಕೇ ನಂಬರು. ಅಮೆರಿಕದಲ್ಲಿ ಎಷ್ಟೋ ಹಡಗಿನೊಳಗೇ ಪೋಸ್ಟಾಫೀಸು, ಸೀಲಿನಲ್ಲೇ ಹಡಗಿನ ಹೆಸರು. 1930ರ ದಶಕದಲ್ಲಂತೂ ಸೀಲಿನ ಪಟ್ಟಿಗಳ ನಡುವೆ ಆವತ್ತು ನಿಂತ ಬಂದರಿನ ಹೆಸರನ್ನೂ ಜೋಡಿಸೋರು. ನಮ್ಮಲ್ಲಿ ಮಾಮೂಲಿ ಸೀಲಿನಿಂದ ಅದೆಲ್ಲ ತಿಳಿಯಲ್ಲ. ಹಾಗಾಗಿ ಲಕೋಟೆಯ ಹಿಂಭಾಗವೇ ಮುಖ್ಯ. ಕಳಿಸಿದವರ ವಿಳಾಸ, ಸಬ್‌ಮರೀನ್‌ನ ರಬ್ಬರ್ ಸ್ಟಾಂಪು, ಕಮಾಂಡಿಂಗ್ ಆಫೀಸರ್ ಸಹಿ, ಒಳಗೆ ಮಾಹಿತಿಯ ಮಡಿಕೆ ಹಾಳೆ, ಇವು ಇದ್ದರೆ ಬಿಡಬೇಡ. ನನ್ನ ಕೇಳಿದ್ರೆ ಚೆಂದದ ಖಾಲಿ ಕವರ್‌ಗಿಂತ ವಿಳಾಸ ಬರೆದು, ಅಂಚೆಯಲ್ಲಿ ಓಡಾಡಿ, ಮೂಲೆ ಮಡಚಿ ಬಂದ ಕವರ್ರೇ ಮೇಲು. ಅಂಗಡಿಯವರು ಉಲ್ಟಾ ಹೇಳ್ತಾರೆ, ಹೇಳಲಿ ಬಿಡು.

ಮಿಸೈಲ್ ಮೇಲ್, ಕೊಪ್ಪಳ

ಸರ್ ಹೇಳಿದ್ದು ಸರಿ. ಆದರೆ ಪೂರ್ತಿ ಮೋಸ ಅಂತಲೂ ಅಲ್ಲದೆ ಇರಬಹುದು. ನೆನಪಿಗೆ ಅಂತ ಹಳೇ ತಾರೀಖು ಹಾಕಿ ಎಷ್ಟೋ ಜನ ಅಚ್ಚು ಹಾಕಿಸ್ತಾರೆ. ಹಾಗಿದ್ರೆ ಹಾಗಂತ ಹೇಳಿ, ಆ ರೇಟಿಗೆ ಮಾರಲಿ. 3 ಸಾವಿರ ಯಾಕೆ?

ಅಣ್ಣಾ, ಒಂದು ಸಬ್‌ಮರೀನ್‌ನ ಪೂರ್ತಿ ಬದುಕು ಸೇರಿಸೋದು ಹೇಗಿರುತ್ತೆ ಅಂತ ಕೈಯಾರೆ ನೋಡಬೇಕಂದ್ರೆ ಅಮೆರಿಕದ ನಾಟಿಲಸ್‌ನಿಂದ ಶುರು ಮಾಡಿ. ಅಣುಶಕ್ತಿಯಿಂದ ಓಡಿದ ಮೊದಲ ಸಬ್‌ಮರೀನ್. 1954ರ ಜನವರಿ 21ಕ್ಕೆ ನೀರಿಗಿಳೀತು, ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಸೇವೆಗೆ ಸೇರಿತು, 1958ರ ಆಗಸ್ಟ್ 3ಕ್ಕೆ ಉತ್ತರ ಧ್ರುವದ ಮಂಜಿನಡಿ ದಾಟಿತು, 1980ರಲ್ಲಿ ನಿವೃತ್ತಿ. ಅಲ್ಲಿ ಹಡಗಿನ ಕವರ್ ಸಂಗ್ರಹಿಸೋರ ಸಂಘ 1932ರಿಂದಲೇ ಇದೆ. ಹಾಗಾಗಿ ಇಂಥ ದಿನಗಳಿಗೆಲ್ಲ ರಾಶಿಗಟ್ಟಲೆ ಕವರ್ ಮಾಡಿದ್ದಾರೆ, ಕಾಯ್ದರೆ ಕಮ್ಮಿಗೇ ಸಿಗ್ತವೆ.

ನನ್ನ ಹೆಸರು ಯಾಕೆ ಹೀಗೆ ಅಂತ ಕೇಳ್ತೀರಲ್ವಾ? 1959ರ ಜೂನ್ 8ಕ್ಕೆ ಬಾರ್ಬೆರೋ ಅನ್ನೋ ಅಮೆರಿಕದ ಸಬ್‌ಮರೀನ್ ರೆಗ್ಯುಲಸ್ ಕ್ಷಿಪಣಿಯಲ್ಲಿ ಬಾಂಬ್ ಬದಲು 3 ಸಾವಿರ ಪತ್ರ ತುಂಬಿ ಫ್ಲಾರಿಡಾ ಕಡೆ ಹಾರಿಸಿತು. ಅರ್ಧ ಗಂಟೆಯೊಳಗೆ ನೆಲಕ್ಕಿಳಿದವು. ಅಲ್ಲಿನ ಅಂಚೆ ಮಂತ್ರಿ ಇನ್ಮೇಲೆ ಪತ್ರ ಎಲ್ಲ ಕ್ಷಿಪಣಿಯಲ್ಲೇ ಅನ್ನೋ ಹಾಗೆ ಮಾತಾಡಿದ್ದರು, ಮತ್ತೆ ಯಾರೂ ಆ ಸುದ್ದಿಗೇ ಹೋಗಲಿಲ್ಲ. ಇಲ್ಲಿ ಸ್ಪೀಡ್ ಪೋಸ್ಟ್‌ಗೆ ಕಾಯುವಾಗಲೆಲ್ಲ ನೆನಪಾಗುತ್ತೆ 😄 ಆ ಕವರ್ ಒಂದು ನನಗೆ ಬೇಕೇ ಬೇಕು. ಯಾರ ಹತ್ರ ಆದ್ರೂ ಇದ್ರೆ ಹೇಳ್ರಿ.

ಸಿಂಧನೂರು ಅಕ್ಕ

ಮೊದಲು ಇಡೋ ವಿಷಯ, ಅದನ್ನ ಯಾರೂ ಹೇಳಲೇ ಇಲ್ಲ. ವೈಜಾಗ್‌ನಿಂದ ಬಂದ ಕವರ್ ಅಂದ್ರೆ ಸಮುದ್ರದ ತೇವ ಕುಡಿದಿರುತ್ತೆ. ಹಿಂದೆ ಅಂಟಿನ ಹತ್ರ ಕಂದು ಚುಕ್ಕೆ ಇದೆಯಾ ನೋಡಿ. ಇದ್ದರೆ ಆ ಕವರನ್ನ ಬೇರೆ ಇಡಿ, ಪಕ್ಕದವಕ್ಕೂ ಹತ್ತುತ್ತೆ. ನಮ್ಮ ಕಡೆ ತೇವದ ಕಾಟ ಕಮ್ಮಿ, ಬಿಸಿಲು ಧೂಳಿನದೇ ಜಾಸ್ತಿ. ತಗಡಿನ ಟ್ರಂಕಲ್ಲಿ ಅಟ್ಟದ ಮೇಲೆ ಇಟ್ಟರೆ ಏಪ್ರಿಲ್-ಮೇನಲ್ಲಿ ಕಾಗದ ಹಪ್ಪಳ ಆಗುತ್ತೆ. ಒಳಗಿನ ಕೋಣೆಯ ಮರದ ಬೀರು ಸಾಕು, ಗೋಡೆಗೆ ತಾಗಿಸಬೇಡಿ, ಗೆದ್ದಲು. ಲ್ಯಾಮಿನೇಷನ್, ರಬ್ಬರ್ ಬ್ಯಾಂಡ್, ಸೆಲ್ಲೋ ಟೇಪ್ ಯಾವುದೂ ಬೇಡ. ಅಗ್ಗದ ಪ್ಲಾಸ್ಟಿಕ್ ಆಲ್ಬಂ ವರ್ಷ ಕಳೆದಂತೆ ಕವರ್‌ಗೆ ಅಂಟಿಕೊಳ್ಳುತ್ತೆ. ಏನಾದ್ರೂ ಬರೆಯೋದಿದ್ರೆ ಬೇರೆ ಚೀಟಿ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ. ಮತ್ತೆ ದಯವಿಟ್ಟು ಸ್ಟಾಂಪ್ ಕತ್ತರಿಸಿ ನೀರಿಗೆ ಹಾಕಬೇಡಿ. ಶಾಲೆಯಲ್ಲಿ ಹಾಗೇ ಕಲಿಸ್ತಾರೆ, ಕವರ್‌ನ ಬೆಲೆ ಅಲ್ಲಿಗೇ ಮುಗೀತು.

ಇನ್ನು ಸಂಗ್ರಹದ ಮಾತು. ಕುರ್ಸುರಾ ಒಂದೇ ಅಂತ ಕೂತ್ರೆ ನಡುವೆ ದೊಡ್ಡ ಖಾಲಿ ಬರುತ್ತೆ. ಅದು ಕೆಲವು ವರ್ಷ ಸುಮ್ನೆ ನಿಂತಿತ್ತು, ಬಿಡಿಭಾಗ ಬಿಚ್ಚಿ ಬೇರೆ ಕಡೆ ಹಾಕಿದ್ರು, ಆಮೇಲೆ ಸೋವಿಯತ್ ದೇಶಕ್ಕೆ ಹೋಗಿ ರಿಪೇರಿ ಆಗಿ ಬಂತು. ಆ ವರ್ಷಗಳದ್ದು ಸಿಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನಾನು ಮಾಡೋದು ಹಳೇ-ಹೊಸ ಜೋಡಿ. ಹಳೇ ಸಬ್‌ಮರೀನ್‌ನ ಹೆಸರನ್ನೇ ಹೊಸದಕ್ಕೂ ಇಟ್ಟಿದ್ದಾರಲ್ಲ, ಎರಡೂ ಸೇವೆಗೆ ಸೇರಿದ ದಿನದ ಕವರ್ ಜೊತೆಗಿಡೋದು. ಹಳೇ ಕಲ್ವರಿ 1967ರ ಡಿಸೆಂಬರ್ 8, ಹೊಸ ಕಲ್ವರಿ 2017ರ ಡಿಸೆಂಬರ್ 14. ಹಳೇ ವೇಲಾ 1973, ಹೊಸದು 2021. ಖಂಡೇರಿ, ಕರಂಜ್, ವಾಗೀರ್, ವಾಗ್‌ಶೀರ್‌ಗೂ ಹೀಗೇ ಜೋಡಿ ಇದೆ. ಈ ಆರು ಹೆಸರಲ್ಲಿ ಕುರ್ಸುರಾ ಇಲ್ಲ ನೋಡಿ, ವಾಗ್ಲಿ ಅನ್ನೋ ಇನ್ನೊಂದು ಹಳೇ ಸಬ್‌ಮರೀನ್‌ನದೂ ಇಲ್ಲ. ಹಾಗಾಗಿ ನಿಮ್ಮದು ಒಂಟಿ.

ಕೌಲ್‌ಬಜಾರ್ ಹುಡುಗ, ಬಳ್ಳಾರಿ

ಥ್ಯಾಂಕ್ಸ್ ಅಕ್ಕಾ, ಸರ್. ಆ ಚೌಕದ ಬಗ್ಗೆ ಕೇಳಿದೆ, ಹಿಂಭಾಗದ ಫೋಟೋನೂ ಕಳಿಸಿ ಅಂದೆ. 'ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ' ಅಂತ ಬಂತು. ಬಿಟ್ಟೆ. ಚಿಕ್ಕಪ್ಪನ ಒಂದು ಕವರ್ ಹಿಂದೆ ನೇರಳೆ ಇಂಕಿನ ರಬ್ಬರ್ ಸ್ಟಾಂಪ್ ಇದೆ, ಅರ್ಧ ಅಳಿಸಿದೆ, ಕೆಳಗೆ ಸಹಿ. ನಾಳೆ ಬೆಳಕಲ್ಲಿ ಫೋಟೋ ತೆಗೆದು ಹಾಕ್ತೀನಿ. ಕುರ್ಸುರಾದ ಬೇರೆ ಯಾವ ತಾರೀಖು ಹುಡುಕಲಿ?

ಹಳೇ ಟಪಾಲು, ರಾಯಚೂರು

27-2-2001, ಸೇವೆಯಿಂದ ಬಿಟ್ಟ ದಿನ. 9-8-2002, ಮ್ಯೂಸಿಯಂ ಉದ್ಘಾಟನೆ. ಆವತ್ತು ವಿಶಾಖಪಟ್ಟಣದ ಸೀಲು ಬಿದ್ದ ಮಾಮೂಲಿ ಪತ್ರ ಸಿಕ್ಕರೂ ತಗೋ, ಚಿತ್ರ ಇರಲೇಬೇಕು ಅಂತಿಲ್ಲ. ಫೋಟೋ ಹಾಕುವಾಗ ಸಹಿ ಮೇಲೆ ಫ್ಲ್ಯಾಶ್ ಬೀಳದಂಗೆ ನೋಡ್ಕೋ. ಮನೆ ವಿಳಾಸ ಇದ್ರೆ ಮುಚ್ಚು.